ಬೆಲೆಪಟ್ಟಿಯಲ್ಲಿ ಉಳಿದ ಹೆಸರು

(ಉಪನ್ಯಾಸವೊಂದರ ಲಿಖಿತ ರೂಪ)

1850ರಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದಲ್ಲಿ ಡೇವಿಡ್ ಪ್ಯಾಟರ್ಸನ್ ಎಂಬ ವಯಸ್ಸಾದ ಜಮೀನುದಾರ ತನ್ನ ಉಯಿಲು ಬರೆದಿಟ್ಟ. ತನ್ನ ನಂತರ ಯಾವ ವಸ್ತು ಯಾರ ಪಾಲಿಗೆ ಹೋಗಬೇಕೆಂದು ವಿವರವಾಗಿಯೇ ಬರೆದ. ನೂಲುವ ರಾಟೆ, ಕುಡುಗೋಲು, ಮೇಜಿನ ಮೇಲೆ ಹಾಸುವ ಬಟ್ಟೆ, ದನಕರು, ಎಲ್ಲವೂ ಆ ಉಯಿಲಿನಲ್ಲಿದ್ದವು. ಇವುಗಳ ನಡುವೆ ಒಬ್ಬ ಹುಡುಗಿಯೂ ಇದ್ದಳು. ಉಯಿಲು ಅವಳನ್ನು ಕರೆದದ್ದು 'ನೀಗ್ರೋ ಹುಡುಗಿ ಮೆಲ್ವೀನಿಯಾ' ಎಂದು. ಅವಳಿಗೆ ಆಗ ಸುಮಾರು ಆರು ವರ್ಷ. 1852ರಲ್ಲಿ ಪ್ಯಾಟರ್ಸನ್ ತೀರಿಕೊಂಡ. ಅವನ ಸ್ವತ್ತಿಗೆ ಬೆಲೆ ಕಟ್ಟಿದವರು ಆ ಹುಡುಗಿಗೆ ನಿಗದಿ ಮಾಡಿದ ಬೆಲೆ 475 ಡಾಲರ್.

2009ರಿಂದ 2017ರವರೆಗೆ ಅಮೆರಿಕದ ಅಧ್ಯಕ್ಷರಾಗಿದ್ದ ಬರಾಕ್ ಒಬಾಮಾ ಅವರ ಪತ್ನಿ ಮಿಶೆಲ್ ಒಬಾಮಾ ಈ ಹುಡುಗಿಯ ಸಂತತಿ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಮೆಲ್ವೀನಿಯಾ ಮಿಶೆಲ್ ಅವರ ಮುತ್ತಜ್ಜನ ಅಜ್ಜಿ. ವಂಶಾವಳಿಗಳನ್ನು ಹುಡುಕುವುದನ್ನೇ ವೃತ್ತಿಯಾಗಿಸಿಕೊಂಡ ಮೇಗನ್ ಸ್ಮೊಲೆನ್ಯಾಕ್ ಹಳೆಯ ದಫ್ತರಗಳನ್ನು ಶೋಧಿಸಿ ಈ ಸಂಬಂಧವನ್ನು ಗುರುತಿಸಿದರು. 2009ರ ಅಕ್ಟೋಬರ್‌ನಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆ ಅದನ್ನು ಪ್ರಕಟಿಸಿತು. ಅಲ್ಲಿಯವರೆಗೆ ಈ ಹೆಂಗಸಿನ ವಿಷಯ ಹೊರಗಿನವರಿಗೆ ತಿಳಿದಿರಲಿಲ್ಲ.

ಓದು ಬರಹ ಬಾರದ, ತನ್ನ ಕೈಯಿಂದ ಒಂದಕ್ಷರವನ್ನೂ ಬರೆದಿಡದ ಒಬ್ಬ ಗುಲಾಮ ಹುಡುಗಿಯ ಗುರುತು ಒಂದೂವರೆ ಶತಮಾನದ ಮೇಲೆ ಸಿಕ್ಕಿದ್ದು ಹೇಗೆ? ಉತ್ತರ ಎರಡು ಬಗೆಯ ಕಾಗದಗಳಲ್ಲಿದೆ. ಒಂದು, ಸರ್ಕಾರ ತಲೆ ಎಣಿಸಿ ಬರೆದ ಜನಗಣತಿ. ಇನ್ನೊಂದು, ಸತ್ತವರ ಆಸ್ತಿಯನ್ನು ಹಂಚಲು ನ್ಯಾಯಾಲಯ ಬರೆಸಿದ ಪಟ್ಟಿ. ಅಮೆರಿಕದಲ್ಲಿ ತಮ್ಮ ಆದಿಪುರುಷರನ್ನು ಹುಡುಕುವ ಬಿಳಿಯರೂ ಕರಿಯರೂ ಈ ಎರಡನ್ನೇ ಆಶ್ರಯಿಸುತ್ತಾರೆ. ಆದರೆ ಅವು ಇಬ್ಬರಿಗೂ ಒಂದೇ ರೀತಿ ಒಲಿಯುವುದಿಲ್ಲ. ಈ ವ್ಯತ್ಯಾಸವನ್ನು ಅರಿಯಲು ಮೊದಲ ಗಣತಿಯಿಂದಲೇ ತೊಡಗಬೇಕು.

1787ರಲ್ಲಿ ರಚನೆಯಾದ ಅಮೆರಿಕದ ಸಂವಿಧಾನ ಹತ್ತು ವರ್ಷಕ್ಕೊಮ್ಮೆ ಜನರನ್ನು ಎಣಿಸಬೇಕೆಂದು ವಿಧಿಸಿತು. ಪ್ರತಿನಿಧಿ ಸಭೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಸ್ಥಾನ ಎಂಬುದು ಈ ಎಣಿಕೆಯ ಮೇಲೆ ನಿಂತಿತ್ತು. ಇಲ್ಲೊಂದು ವಿಚಿತ್ರ ಲೆಕ್ಕವೂ ಸೇರಿಕೊಂಡಿತು. ಐದು ಗುಲಾಮರನ್ನು ಮೂರು ಜನರೆಂದು ಎಣಿಸತಕ್ಕದ್ದು! ಮತ ಹಾಕುವ ಹಕ್ಕಂತೂ ಗುಲಾಮರಿಗೆ ಇರಲಿಲ್ಲ. ಆದರೆ ಅವರ ತಲೆಗಳ ಬಲದಿಂದ ಅವರ ಒಡೆಯರ ರಾಜ್ಯಗಳಿಗೆ ಹೆಚ್ಚು ಸ್ಥಾನ ದೊರೆತವು. ಅಂದರೆ ಗುಲಾಮರನ್ನು ಎಣಿಸುವುದು ಬೇಕಾಗಿತ್ತು, ಅವರು ಯಾರೆಂದು ತಿಳಿಯುವುದು ಬೇಕಾಗಿರಲಿಲ್ಲ.

ಮೊದಲ ಗಣತಿ 1790ರ ಆಗಸ್ಟ್‌ನಲ್ಲಿ ಆರಂಭವಾಯಿತು. ನ್ಯಾಯಾಲಯಗಳ ಮಾರ್ಷಲ್ಲುಗಳ ಸಹಾಯಕರು ಕುದುರೆಯ ಮೇಲೆ, ಕಾಲುನಡಿಗೆಯಲ್ಲಿ ಮನೆಯಿಂದ ಮನೆಗೆ ಹೋದರು. ಅವರಿಗೆ ಸರ್ಕಾರ ಮುದ್ರಿತ ನಮೂನೆಯನ್ನೂ ಕೊಟ್ಟಿರಲಿಲ್ಲ, ತಾವೇ ಕಾಗದ ತಂದು ಗೆರೆ ಎಳೆದುಕೊಳ್ಳಬೇಕಾಗಿತ್ತು. ದೇಶಕ್ಕೆಲ್ಲ ಒಂದೇ ಬಗೆಯ ಅಚ್ಚಾದ ನಮೂನೆ ಬಂದದ್ದು 1830ರಲ್ಲಿ. ಬರೆದ ಪಟ್ಟಿಯನ್ನು ಊರಿನ ಎರಡು ಸಾರ್ವಜನಿಕ ಸ್ಥಳಗಳಲ್ಲಿ ಅಂಟಿಸಬೇಕೆಂಬ ನಿಯಮವಿತ್ತು, ಯಾರಾದರೂ ಬಿಟ್ಟುಹೋಗಿದ್ದರೆ ಬಂದು ಹೇಳಲಿ ಎಂದು. ಕೊನೆಗೆ ಸಿಕ್ಕ ಲೆಕ್ಕ 39 ಲಕ್ಷ 29 ಸಾವಿರ ಜನ. ಇವರಲ್ಲಿ ಹತ್ತಿರ ಹತ್ತಿರ 7 ಲಕ್ಷ ಮಂದಿ ಗುಲಾಮರು.

ಈ ಪಟ್ಟಿಯಲ್ಲಿ ಹೆಸರು ಇರುವುದು ಮನೆಯ ಯಜಮಾನನದು ಮಾತ್ರ. ಉಳಿದವರೆಲ್ಲ ಅಂಕಿಗಳು. ಹದಿನಾರು ತುಂಬಿದ ಬಿಳಿಯ ಗಂಡಸರು ಎಷ್ಟು, ಅದಕ್ಕಿಂತ ಚಿಕ್ಕ ಗಂಡುಮಕ್ಕಳು ಎಷ್ಟು, ಬಿಳಿಯ ಹೆಂಗಸರು ಎಷ್ಟು, ಇತರ ಸ್ವತಂತ್ರರು ಎಷ್ಟು, ಗುಲಾಮರು ಎಷ್ಟು ಎಂಬ ಐದು ಕಲಮುಗಳು ಅಷ್ಟೆ. ಗಂಡಸರನ್ನು ಹದಿನಾರಕ್ಕೆ ವಿಭಜಿಸಿದ್ದು ದುಡಿಮೆಗೂ ಸೈನ್ಯಕ್ಕೂ ಎಷ್ಟು ಕೈಗಳಿವೆ ಎಂದು ತಿಳಿಯುವುದಕ್ಕೆ. ಹೆಂಗಸರ ವಯಸ್ಸು ಯಾರಿಗೂ ಬೇಡವಾಗಿತ್ತು. ಅಜ್ಜಿಯೂ ತೊಟ್ಟಿಲ ಮಗುವೂ ಒಂದೇ ಕಲಮು. ವರ್ಜೀನಿಯಾದಂಥ ಕೆಲವು ರಾಜ್ಯಗಳ ಈ ಮೊದಲ ಪಟ್ಟಿಗಳು ಉಳಿದಿಲ್ಲ. ಅಲ್ಲಿ ಹುಡುಕುವವರು ಆ ಕಾಲದ ತೆರಿಗೆ ಪುಸ್ತಕಗಳನ್ನು ನೋಡಬೇಕಾಗುತ್ತದೆ.

ಇಂಥ ಅಂಕಿಗಳಿಂದ ವಂಶವೃಕ್ಷ ಬೆಳೆಸುವುದು ಹೇಗೆ? ಅನುಭವಸ್ಥರು ಒಂದು ಉಪಾಯ ಮಾಡುತ್ತಾರೆ. 1800ರ ಗಣತಿಯಲ್ಲಿ ಹತ್ತರೊಳಗಿನ ಕಲಮಿನಲ್ಲಿರುವ ಹುಡುಗ 1810ರಲ್ಲಿ ಮುಂದಿನ ಕಲಮುಗಳಿಗೆ ಜಾರಿರಬೇಕು. ಒಂದೇ ಕುಟುಂಬವನ್ನು ನಾಲ್ಕು ಗಣತಿಗಳಲ್ಲಿ ಹಿಡಿದು ಅಂಕಿಗಳು ಹೀಗೆ ಸರಿಯುವುದನ್ನು ಗುರುತಿಸಿದರೆ, ಯಾರು ಯಾವಾಗ ಹುಟ್ಟಿದರು, ಯಾರು ಮನೆ ಬಿಟ್ಟರು ಎಂಬ ಅಂದಾಜು ಮೂಡುತ್ತದೆ. ನಾಟಕದ ಪಾತ್ರಗಳನ್ನು ಪರದೆಯ ಹಿಂದಿನ ನೆರಳಿನಿಂದಲೇ ಗುರುತಿಸಿದಂತೆ. ಒಂದು ದಶಕದಲ್ಲಿ ಯಜಮಾನನ ಹೆಸರೇ ಮಾಯವಾಗಬಹುದು. ಆಗ ಅವನು ಪಶ್ಚಿಮಕ್ಕೆ ವಲಸೆ ಹೋಗಿರಬೇಕು, ಇಲ್ಲವೇ ಸತ್ತಿರಬೇಕು. ಸತ್ತಿದ್ದರೆ ಅದು ಹುಡುಕುವವನ ಅದೃಷ್ಟ. ಯಾಕೆಂದರೆ ಸತ್ತವನ ಕಾಗದಗಳು ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ನ್ಯಾಯಾಲಯದಲ್ಲಿ ಇರುತ್ತವೆ.

ಅಲ್ಲಿ ಆಸ್ತಿವಂತನೊಬ್ಬ ಸತ್ತರೆ ನಡೆಯುತ್ತಿದ್ದ ಕ್ರಮ ಸುಮಾರಾಗಿ ಹೀಗೆ. ಉಯಿಲಿದ್ದರೆ ಸಾಕ್ಷಿಗಳು ಬಂದು ಅದು ನಿಜವೆಂದು ಪ್ರಮಾಣ ಮಾಡುತ್ತಾರೆ. ಇಲ್ಲದಿದ್ದರೆ ನ್ಯಾಯಾಲಯವೇ ಒಬ್ಬ ಆಡಳಿತಗಾರನನ್ನು ನೇಮಿಸಿ ಅವನಿಂದ ಜಾಮೀನು ಬರೆಸಿಕೊಳ್ಳುತ್ತದೆ. ಬಳಿಕ ನೆರೆಹೊರೆಯ ಕೆಲವರು ಸತ್ತವನ ಮನೆ, ಕಣಜ, ಕೊಟ್ಟಿಗೆಗಳನ್ನು ಹೊಕ್ಕು ಪ್ರತಿಯೊಂದು ವಸ್ತುವನ್ನೂ ಬರೆದು ಬೆಲೆ ಕಟ್ಟುತ್ತಾರೆ. ಮುರಿದ ಕುರ್ಚಿ, ಹಳೆಯ ಬೈಬಲ್, ಕುಂಟು ಕುದುರೆ, ಯಾವುದನ್ನೂ ಬಿಡುವಂತಿಲ್ಲ. ಆಮೇಲೆ ಹರಾಜು, ಹರಾಜಿನಲ್ಲಿ ಯಾರು ಏನು ಕೊಂಡರೆಂಬ ಪಟ್ಟಿ, ಸಾಲ ತೀರಿಸಿದ ರಸೀದಿಗಳು, ಕೊನೆಗೆ ವಾರಸುದಾರರಿಗೆ ಪಾಲು. ಒಬ್ಬ ಸಾಮಾನ್ಯ ರೈತನ ಕಡತವೂ ಬಿಡಿ ಕಾಗದಗಳಿಂದ ದಪ್ಪವಾಗಿರುವುದುಂಟು. ಬದುಕಿದ್ದಾಗ ಸರ್ಕಾರದ ಕಣ್ಣಿಗೆ ಬರಿಯ ಒಂದು ಹೆಸರಾಗಿದ್ದವನು ಸತ್ತ ಮೇಲೆ ಹೆಂಡತಿ, ಮಕ್ಕಳು, ಅಳಿಯಂದಿರು, ಸಾಲಗಾರರು, ಎತ್ತು, ನೇಗಿಲುಗಳ ಸಮೇತ ಎದ್ದು ಬರುತ್ತಾನೆ.

ಈ ಕಾಗದಗಳನ್ನು ಓದುವುದಕ್ಕೂ ಒಂದು ತರಬೇತಿ ಬೇಕು. ತಂದೆ ಒಬ್ಬ ಮಗನಿಗೆ ಕೇವಲ ಒಂದು ಷಿಲಿಂಗ್ ಬರೆದಿದ್ದರೆ ಅವರಿಬ್ಬರಿಗೂ ಆಗುತ್ತಿರಲಿಲ್ಲ ಎಂದು ಇಂದಿನವರು ಭಾವಿಸುತ್ತಾರೆ. ಎಷ್ಟೋ ವೇಳೆ ಆ ಮಗನಿಗೆ ಮದುವೆಯ ಕಾಲದಲ್ಲೇ ಜಮೀನು ಕೊಟ್ಟಾಗಿರುತ್ತದೆ. 'ಅನಾಥ' ಎಂಬ ಶಬ್ದ ಕಂಡರೆ ತಾಯಿಯೂ ಸತ್ತಳೆಂದು ತಿಳಿಯಬಾರದು. ತಂದೆ ಇಲ್ಲದ ಮಗು ತಾಯಿ ಬದುಕಿದ್ದರೂ ಆ ಕಾಲದ ಕಾನೂನಿಗೆ ಅನಾಥವೇ. ಇನ್ನು ಒಂದೇ ಊರಿನ ಸೀನಿಯರ್, ಜೂನಿಯರ್‌ಗಳು ತಂದೆ ಮಗನೇ ಆಗಬೇಕಿಲ್ಲ, ಒಂದೇ ಹೆಸರಿನ ಹಿರಿಯ ಮತ್ತು ಕಿರಿಯ, ಅಷ್ಟೆ. ಮತ್ತೊಂದು ಸೋಜಿಗವೆಂದರೆ ಉಯಿಲು ಬರೆಯದೆ ಸತ್ತವನ ಕಡತ ಅನೇಕ ವೇಳೆ ಉಯಿಲಿಗಿಂತ ಹೆಚ್ಚು ಉಪಯುಕ್ತ. ಉಯಿಲಿನಲ್ಲಿ ತಂದೆ ತನಗೆ ಬೇಕಾದವರನ್ನು ಹೆಸರಿಸುತ್ತಾನೆ. ಉಯಿಲಿಲ್ಲದ ಆಸ್ತಿಯನ್ನು ಕಾನೂನು ಎಲ್ಲ ಮಕ್ಕಳಿಗೂ ಹಂಚಬೇಕಾದ್ದರಿಂದ ಎಲ್ಲರ ಹೆಸರೂ ದಾಖಲಾಗುತ್ತದೆ.

1850ರ ಗಣತಿಯಲ್ಲಿ ದೊಡ್ಡ ಬದಲಾವಣೆಯಾಯಿತು. ಮನೆಯಲ್ಲಿರುವ ಪ್ರತಿಯೊಬ್ಬ ಸ್ವತಂತ್ರ ವ್ಯಕ್ತಿಯ ಹೆಸರು, ವಯಸ್ಸು, ಕಸುಬು, ಹುಟ್ಟಿದ ರಾಜ್ಯ, ಎಲ್ಲವನ್ನೂ ಬರೆಯತೊಡಗಿದರು. ಬಿಳಿಯರ ವಂಶಶೋಧನೆಗೆ ಇದು ಹಗಲು ಮೂಡಿದಂತೆ. ಗುಲಾಮರಿಗಾಗಿ ಬೇರೆಯೇ ಒಂದು ಹಾಳೆಯನ್ನು ಸಿದ್ಧಪಡಿಸಿದರು. ಅದರಲ್ಲಿ ಅವರ ಹೆಸರುಗಳನ್ನೂ ಬರೆಯಬೇಕೆಂಬ ಪ್ರಸ್ತಾಪ ಮೊದಲು ಇತ್ತು. ಸೆನೆಟ್‌ನಲ್ಲಿ ದಕ್ಷಿಣದ ಸದಸ್ಯರು ಅದನ್ನು ವಿರೋಧಿಸಿದರು, ಹೆಸರಿನ ಜಾಗಕ್ಕೆ ಸಂಖ್ಯೆ ಬಂತು. ಹೀಗಾಗಿ 1850 ಮತ್ತು 1860ರ ಗುಲಾಮರ ಹಾಳೆಗಳಲ್ಲಿ ಹೆಸರಿರುವುದು ಒಡೆಯನದು. ಅವನ ಕೆಳಗೆ 'ವಯಸ್ಸು 40, ಗಂಡು, ಕಪ್ಪು', 'ವಯಸ್ಸು 8, ಹೆಣ್ಣು, ಕಪ್ಪು' ಎಂಬಂಥ ಸಾಲುಗಳು. ಓಡಿಹೋದವರೆಷ್ಟು, ಕುರುಡರೆಷ್ಟು ಎಂಬುದಕ್ಕೂ ಕಲಮುಗಳಿದ್ದವು. 1860ರಲ್ಲಿ ಗುಲಾಮರ ಸಂಖ್ಯೆ 39 ಲಕ್ಷ 53 ಸಾವಿರ ದಾಟಿತ್ತು. ಎಪ್ಪತ್ತು ವರ್ಷ ಹಿಂದೆ ಇಡೀ ದೇಶದ ಜನಸಂಖ್ಯೆ ಎಷ್ಟಿತ್ತೋ ಅದಕ್ಕಿಂತ ಹೆಚ್ಚು ಜನ ಈಗ ಹೆಸರಿಲ್ಲದ ಸಾಲುಗಳಲ್ಲಿದ್ದರು.

ಅಂತರ್ಯುದ್ಧ 1865ರಲ್ಲಿ ಮುಗಿದು ಗುಲಾಮಗಿರಿ ರದ್ದಾಯಿತು. ಆ ಜನರೆಲ್ಲ ಹೆಸರು, ಮನೆತನದ ಹೆಸರುಗಳೊಡನೆ ಗಣತಿಗೆ ಬಂದದ್ದು 1870ರಲ್ಲಿ. ಕರಿಯ ಅಮೆರಿಕನ್ನರು ಹಿಂದಕ್ಕೆ ಹುಡುಕುತ್ತ ಹೋದರೆ ಬಹುಮಟ್ಟಿಗೆ ಇದೇ ವರ್ಷಕ್ಕೆ ಬಂದು ತಡೆಯುತ್ತಾರೆ. '1870ರ ಗೋಡೆ' ಎಂಬ ಮಾತು ಅವರಲ್ಲಿ ರೂಢಿಯಾಗಿದೆ. ಗೋಡೆಯ ಆಚೆಗೆ ಹೋಗಬೇಕಾದರೆ ಹುಡುಕಬೇಕಾದ್ದು ಅವರ ಪೂರ್ವಿಕರ ಕಾಗದಗಳನ್ನಲ್ಲ, ಆ ಪೂರ್ವಿಕರನ್ನು ಆಳಿದವರ ಕಾಗದಗಳನ್ನು.

ಕಾರಣ ಸರಳವಾದದ್ದು. ಸರ್ಕಾರಕ್ಕೆ ಗುಲಾಮನ ಹೆಸರು ಅನಾವಶ್ಯಕವಾಗಿತ್ತು. ಆಸ್ತಿ ಹಂಚಿಕೊಳ್ಳುವ ಮಕ್ಕಳಿಗೆ ಅದು ಅತ್ಯವಶ್ಯಕ. ಇಪ್ಪತ್ತು ಮಂದಿ ಗುಲಾಮರಿದ್ದರೆ ಯಾವನು ಅಣ್ಣನಿಗೆ, ಯಾವಳು ತಂಗಿಗೆ ಎಂದು ಜಗಳವಾಗದಂತೆ ಬರೆಯಬೇಕು. ಅದಕ್ಕೆ ಹೆಸರು ಬೇಕೇ ಬೇಕು. ಆದ್ದರಿಂದ ಬೆಲೆಪಟ್ಟಿಗಳಲ್ಲಿ ಒಬ್ಬೊಬ್ಬರ ಹೆಸರೂ ಅದರೆದುರು ಒಂದು ಮೊತ್ತವೂ ಇರುತ್ತದೆ. ಗಟ್ಟಿಮುಟ್ಟಾದ ಯುವಕನಿಗೆ ಹೆಚ್ಚು, ಮಗುವಿಗೆ ಕಡಿಮೆ. ಮೈಮುರಿದು ದುಡಿದು ಮುದುಕಾದವರ ಎದುರು ಸೊನ್ನೆಯೂ ಇರುವುದುಂಟು. ತಾಯಿ ಮತ್ತು ಎಳೆಗೂಸನ್ನು ಒಂದೇ ಸಾಲಿನಲ್ಲಿ ಸೇರಿಸಿ ಬರೆಯುವ ರೂಢಿಯಿತ್ತು. ಕರುಣೆಯಿಂದಲ್ಲ, ಬೆಲೆ ಕಟ್ಟಲು ಅನುಕೂಲವೆಂದು. ಆದರೆ ಇಂದು ಅದೇ ಸಾಲು ಒಂದು ಕುಟುಂಬದ ಗುರುತು.

ಹುಡುಗಿಯೊಬ್ಬಳನ್ನು ಮಗಳಿಗೆ ಬರೆದುಕೊಡುವಾಗ 'ಅವಳೂ ಮುಂದೆ ಅವಳಿಂದ ಆಗುವ ಹೆಚ್ಚಳವೂ' ಎಂಬರ್ಥದ ಮಾತು ಉಯಿಲುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹೆಚ್ಚಳವೆಂದರೆ ಅವಳು ಹೆರಲಿರುವ ಮಕ್ಕಳು. ಹಸು ಕುರಿಗಳ ವಿಷಯದಲ್ಲೂ ಅದೇ ಶಬ್ದವನ್ನು ಬಳಸುತ್ತಿದ್ದರು. ಇದಕ್ಕೆ ಕಾನೂನಿನ ಬೆಂಬಲವಿತ್ತು. ಮಗುವಿನ ಸ್ಥಿತಿ ತಾಯಿಯ ಸ್ಥಿತಿಯಂತೆ ಎಂದು ವರ್ಜೀನಿಯಾ 1662ರಲ್ಲೇ ಶಾಸನ ಮಾಡಿತ್ತು. ಒಡೆಯನಿಂದಲೇ ಹುಟ್ಟಿದ ಮಗುವಾದರೂ ತಾಯಿ ಗುಲಾಮಳಾಗಿದ್ದರೆ ಅದೂ ಗುಲಾಮ. ಇಂಗ್ಲಿಷರ ಸಾಮಾನ್ಯ ಪದ್ಧತಿಯಲ್ಲಿ ಮಕ್ಕಳು ತಂದೆಯ ಸ್ಥಾನಮಾನ ಪಡೆಯುತ್ತಿದ್ದರು. ಲಾಭಕ್ಕಾಗಿ ಅದನ್ನು ತಲೆಕೆಳಗು ಮಾಡಿದ್ದರು.

ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಕೂಡ 1799ರಲ್ಲಿ ಉಯಿಲಿನ ಜೊತೆಗೆ ತನ್ನ ಮೌಂಟ್ ವರ್ನನ್ ಜಮೀನಿನ ಗುಲಾಮರ ಪಟ್ಟಿ ಸಿದ್ಧಪಡಿಸಿದ. ಅದರಲ್ಲಿ 317 ಮಂದಿ ಇದ್ದಾರೆ. ಅವರಲ್ಲಿ ತನ್ನ ಸ್ವಂತದ ನೂರಿಪ್ಪತ್ತಕ್ಕೂ ಹೆಚ್ಚು ಜನರಿಗೆ ಪತ್ನಿಯ ಕಾಲಾನಂತರ ಬಿಡುಗಡೆ ದೊರೆಯಬೇಕೆಂದು ಬರೆದ. ಉಳಿದವರಲ್ಲಿ ಹೆಚ್ಚಿನವರು ಪತ್ನಿ ಮಾರ್ತಾಳ ಮೊದಲ ಗಂಡನ ಆಸ್ತಿಗೆ ಸೇರಿದವರು, ಅವರನ್ನು ಬಿಡಿಸುವ ಅಧಿಕಾರ ಅವನಿಗಿರಲಿಲ್ಲ. ಎರಡೂ ಕಡೆಯವರು ಒಂದೇ ಜಮೀನಿನಲ್ಲಿ ದುಡಿಯುತ್ತ ತಮ್ಮತಮ್ಮಲ್ಲಿ ಮದುವೆಯಾಗಿದ್ದರು. ಒಂದೇ ಮನೆಯಲ್ಲಿ ಗಂಡ ಸ್ವತಂತ್ರ, ಹೆಂಡತಿ ಮಕ್ಕಳು ಮಾರ್ತಾಳ ಮೊಮ್ಮಕ್ಕಳ ಪಾಲು. ಯಾರು ಯಾರ ಹೆಂಡತಿ ಎಂದು ವಾಷಿಂಗ್ಟನ್ ಅಚ್ಚುಕಟ್ಟಾಗಿ ಬರೆದಿಟ್ಟಿದ್ದರಿಂದ ಆ ಮನೆಗಳು ಒಡೆದ ರೀತಿಯನ್ನು ಇಂದು ತಿಳಿಯಬಹುದು.

ಈಗ ಮೆಲ್ವೀನಿಯಾಳ ಕಡೆಗೆ ಬರಬಹುದು. ವಂಶಶೋಧನೆಯ ಮೊದಲ ನಿಯಮ ತಿಳಿದಿರುವುದರಿಂದ ತಿಳಿಯದಿರುವುದರ ಕಡೆಗೆ, ಅಂದರೆ ಇಂದಿನಿಂದ ಹಿಂದಕ್ಕೆ, ಒಂದೊಂದೇ ಮೆಟ್ಟಿಲು ಇಳಿಯುವುದು. ಮಿಶೆಲ್ ಅವರ ತಾಯಿ ಮೇರಿಯನ್ ರಾಬಿನ್ಸನ್. ಮೇರಿಯನ್ ಅವರ ತಂದೆ ಷಿಕಾಗೋದಲ್ಲಿ ನೆಲೆಸಿದ ಪರ್ನೆಲ್ ಶೀಲ್ಡ್ಸ್. ಅವನ ತಂದೆ ರಾಬರ್ಟ್ ಲೀ ಶೀಲ್ಡ್ಸ್, ರೈಲ್ವೆಯಲ್ಲಿ ಪೋರ್ಟರ್ ಆಗಿದ್ದವನು. ಸುಮಾರು ಮೂವತ್ತೆರಡನೆಯ ವಯಸ್ಸಿನ ಬಳಿಕ ಅವನ ಸುಳಿವು ಯಾವ ದಾಖಲೆಯಲ್ಲೂ ಇಲ್ಲ. ರಾಬರ್ಟನ ತಂದೆ ಡಾಲ್ಫಸ್ ಶೀಲ್ಡ್ಸ್ ಮಾತ್ರ ದಾಖಲೆಗಳಲ್ಲಿ ಎದ್ದು ಕಾಣುವ ಮನುಷ್ಯ. ಅಲಬಾಮಾದ ಬರ್ಮಿಂಗ್‌ಹ್ಯಾಮ್ ಪಟ್ಟಣದಲ್ಲಿ ಬಡಗಿ. 1900ರ ವೇಳೆಗೆ ಸ್ವಂತ ಮನೆ ಮಾಡಿಕೊಂಡಿದ್ದ, ಮುಂದೆ ಸ್ವಂತ ಬಡಗಿ ಅಂಗಡಿ ತೆರೆದ, ಚರ್ಚುಗಳ ಸ್ಥಾಪನೆಯಲ್ಲಿ ಕೈಜೋಡಿಸಿದ. ತೊಂಬತ್ತು ದಾಟಿ 1950ರಲ್ಲಿ ತೀರಿಕೊಂಡ. ಗುಲಾಮಗಿರಿಯಲ್ಲಿ ಹುಟ್ಟಿದ ಮಗು ಇಪ್ಪತ್ತನೆಯ ಶತಮಾನದ ನಡುಗಾಲದವರೆಗೆ ಬಾಳಿತ್ತೆಂದರೆ ಆ ಕಾಲ ಎಷ್ಟು ಹತ್ತಿರದ್ದು ಎಂಬುದು ಅರಿವಾಗುತ್ತದೆ.

ಈ ದಾರಿಯಲ್ಲಿ ಎಲ್ಲರಿಗೂ ಎದುರಾಗುವ ಒಂದು ಹಳ್ಳವಿದೆ, ಅದು 1890ರ ಗಣತಿ. 1921ರ ಜನವರಿಯಲ್ಲಿ ವಾಷಿಂಗ್ಟನ್‌ನ ವಾಣಿಜ್ಯ ಇಲಾಖೆಯ ಕಟ್ಟಡದ ನೆಲಮಾಳಿಗೆಗೆ ಬೆಂಕಿ ಬಿದ್ದು ಅದರ ಹಾಳೆಗಳಲ್ಲಿ ಬಹುಪಾಲು ಸುಟ್ಟವು, ಇಲ್ಲವೇ ಬೆಂಕಿ ಆರಿಸಿದ ನೀರಿನಲ್ಲಿ ನೆನೆದವು. ನೆನೆದು ಉಳಿದದ್ದನ್ನಾದರೂ ಕಾಪಾಡಿದರೇ? ಅದೂ ಇಲ್ಲ. ರಾಷ್ಟ್ರೀಯ ಪತ್ರಾಗಾರದ ಹೊಸ ಕಟ್ಟಡಕ್ಕೆ ಅಸ್ತಿಭಾರದ ಕಲ್ಲು ಇಟ್ಟದ್ದು 1933ರ ಫೆಬ್ರವರಿಯಲ್ಲಿ. ಅದೇ ತಿಂಗಳು ಆ ಅವಶೇಷಗಳನ್ನು ನಾಶಮಾಡಲು ಕಾಂಗ್ರೆಸ್ ಅನುಮತಿ ಕೊಟ್ಟಿತು. ಕಚೇರಿಗಳ ಬುದ್ಧಿ ಎಲ್ಲ ದೇಶಗಳಲ್ಲೂ ಒಂದೇ! ಹೀಗಾಗಿ 1880ರಿಂದ 1900ರವರೆಗಿನ ಇಪ್ಪತ್ತು ವರ್ಷಗಳನ್ನು ಬೇರೆ ಕಾಗದಗಳಿಂದ ದಾಟಬೇಕು.

ಡಾಲ್ಫಸ್‌ನ ಹಿಂದೆ ಹೋದರೆ ಜಾರ್ಜಿಯಾ ರಾಜ್ಯದಲ್ಲಿ 1870ರ ಗಣತಿಯ ಹಾಳೆ ಸಿಗುತ್ತದೆ. ಅಲ್ಲಿ ಮೆಲ್ವೀನಿಯಾ ಶೀಲ್ಡ್ಸ್ ಕೃಷಿ ಕೂಲಿ. ಜೊತೆಗೆ ನಾಲ್ಕು ಮಕ್ಕಳು. ಬಣ್ಣದ ಕಲಮಿನಲ್ಲಿ ಆ ನಾಲ್ವರಲ್ಲಿ ಮೂವರ ಎದುರು 'ಮುಲಾಟೊ', ಅಂದರೆ ಬೆರಕೆ ಬಣ್ಣದವರು, ಎಂಬ ಗುರುತು. ಗಣತಿದಾರ ಯಾರನ್ನೂ ಪ್ರಶ್ನಿಸಿ ಇದನ್ನು ಬರೆದಿರಬೇಕಾಗಿಲ್ಲ, ಕಣ್ಣಿಗೆ ಕಂಡಂತೆ ಬರೆಯುವುದೇ ರೂಢಿ. (ಆ ಕಲಮಿನ ಮೌಢ್ಯಕ್ಕೆ ನಮ್ಮವರೂ ಒಳಗಾಗಿದ್ದಾರೆ. 1920ರಿಂದ 1940ರವರೆಗಿನ ಮೂರು ಗಣತಿಗಳಲ್ಲಿ ಭಾರತದಿಂದ ಹೋದವರ ಜನಾಂಗ 'ಹಿಂದೂ' ಎಂದಿತ್ತು. ಕ್ಯಾಲಿಫೋರ್ನಿಯಾದ ಸಿಖ್ ರೈತನೂ ಮುಸ್ಲಿಮನೂ ಅಲ್ಲಿ ಹಿಂದೂ ಜನಾಂಗದವರೇ!)

ಗಣತಿಯ ಹಾಳೆಯಲ್ಲಿ ಬೇಕಾದ ಸಾಲನ್ನಷ್ಟೇ ಓದಿ ಮುಚ್ಚುವುದು ಹೊಸಬರ ತಪ್ಪು. ಗಣತಿದಾರ ಮನೆಯಿಂದ ಮನೆಗೆ ನಡೆಯುತ್ತಿದ್ದುದರಿಂದ ಹಿಂದುಮುಂದಿನ ಸಾಲುಗಳಲ್ಲಿರುವವರು ನೆರೆಯವರು. ಮೆಲ್ವೀನಿಯಾ ದುಡಿಯುತ್ತಿದ್ದುದು ಚಾರ್ಲ್ಸ್ ಶೀಲ್ಡ್ಸ್ ಎಂಬ ಬಿಳಿಯನ ಜಮೀನಿಗೆ ತಾಗಿದ ನೆಲದಲ್ಲಿ. ಅವನ ತಂದೆ ಹೆನ್ರಿ ಶೀಲ್ಡ್ಸ್. ಬಿಡುಗಡೆಯಾದವರೆಲ್ಲ ಕೊನೆಯ ಒಡೆಯನ ಮನೆತನದ ಹೆಸರನ್ನೇ ಇಟ್ಟುಕೊಂಡರೆಂಬುದು ನಿಜವಲ್ಲ. ಬೇಕೆಂದೇ ಬೇರೆ ಹೆಸರು ಆರಿಸಿದವರು ಎಷ್ಟೋ ಜನ. ಇಲ್ಲಿ ಮಾತ್ರ ಹೆಸರೂ ನೆರೆಯೂ ಒಂದೇ ದಿಕ್ಕನ್ನು ತೋರಿಸುತ್ತಿದ್ದವು. ಗುಲಾಮಗಿರಿಯ ಕಾಲದಲ್ಲಿ ಹೆನ್ರಿಯ ಸುಮಾರು 200 ಎಕರೆ ಜಮೀನಿನಲ್ಲಿ ಇದ್ದದ್ದು ಮೂವರೇ ಗುಲಾಮರು. ದೊಡ್ಡ ತೋಟದ ಧಣಿಯಲ್ಲ, ಗೋಧಿ, ಜೋಳ, ಸಿಹಿಗೆಣಸು, ಹತ್ತಿ ಬೆಳೆಯುವ ರೈತ. ಅಂಥ ಜಮೀನಿನಲ್ಲಿ ಒಡೆಯನ ಮಕ್ಕಳೂ ಗುಲಾಮರೂ ಹತ್ತಿರ ಹತ್ತಿರವೇ ದುಡಿಯುತ್ತಿದ್ದರು.

ಇಲ್ಲಿ ಅನುಭವಿಗಳು ಕೇಳುವ ಪ್ರಶ್ನೆ ಬೇರೆಯದು. ಚಿಕ್ಕ ರೈತನ ಮನೆಗೆ ಗುಲಾಮ ಹುಡುಗಿ ಎಲ್ಲಿಂದ ಬಂದಳು? ಕೊಂಡು ತಂದಿರಬಹುದು. ಆದರೆ ಹೆಂಡತಿಯ ತವರಿನ ಪಾಲಾಗಿ ಬರುವುದು ಬಹಳ ಸಾಮಾನ್ಯ. ಹೆನ್ರಿ ಶೀಲ್ಡ್ಸ್‌ನ ಹೆಂಡತಿ ಕ್ರಿಸ್ಟಿಯಾನ್, ದಕ್ಷಿಣ ಕೆರೊಲಿನಾದ ಡೇವಿಡ್ ಪ್ಯಾಟರ್ಸನ್‌ನ ಮಗಳು. ಮಾವನ ಉಯಿಲನ್ನು ತೆರೆದರೆ ಅಲ್ಲಿ ಮೆಲ್ವೀನಿಯಾ ಇದ್ದಾಳೆ, ಎರಡು ವರ್ಷದ ಬಳಿಕದ ಪಟ್ಟಿಯಲ್ಲಿ ಅವಳ ಬೆಲೆಯೂ ಇದೆ. ಪ್ಯಾಟರ್ಸನ್‌ನ ಬಳಿ ಇದ್ದವರು 21 ಗುಲಾಮರು. ಅವನು ಸತ್ತ ಮೇಲೆ ಆ ಹಟ್ಟಿ ಒಡೆಯಿತು. ಎಂಟು ವರ್ಷದ ಹುಡುಗಿ ತಾನು ಬಲ್ಲ ಎಲ್ಲರನ್ನೂ ಬಿಟ್ಟು ಜಾರ್ಜಿಯಾಕ್ಕೆ ಬಂದಳು.

ಡಾಲ್ಫಸ್ ಹುಟ್ಟಿದ್ದು 1859ರ ಆಸುಪಾಸಿನಲ್ಲಿ. ಆಗ ತಾಯಿಗೆ ಹದಿನೈದು ವರ್ಷವಿದ್ದರೆ ಹೆಚ್ಚು. ತಂದೆ ಬಿಳಿಯನೆಂದು ಗಣತಿಯ ಬಣ್ಣದ ಗುರುತು ಸೂಚಿಸುತ್ತದೆ, ಯಾರೆಂದು ಯಾವ ಕಾಗದವೂ ಹೇಳುವುದಿಲ್ಲ. ಆ ವೇಳೆಗೆ ಹೆನ್ರಿಗೆ ಐವತ್ತರ ಹತ್ತಿರದ ಪ್ರಾಯ, ಮನೆಯಲ್ಲಿ ವಯಸ್ಸಿಗೆ ಬಂದ ನಾಲ್ವರು ಗಂಡುಮಕ್ಕಳು. ಉತ್ತರ ಸಿಕ್ಕಿದ್ದು ರಕ್ತಸಂಬಂಧದ ಡಿಎನ್‌ಎ ಪರೀಕ್ಷೆಯಿಂದ. ಬಿಳಿಯ ಮತ್ತು ಕರಿಯ ಶೀಲ್ಡ್ಸ್ ವಂಶಸ್ಥರ ಡಿಎನ್‌ಎ ಹೋಲಿಸಿ ನೋಡಿದ ಮೇಲೆ ಹೆನ್ರಿಯ ಮಗ ಚಾರ್ಲ್ಸ್ ಮೇರಿಯನ್ ಶೀಲ್ಡ್ಸ್‌ನೇ ತಂದೆಯಿರಬೇಕೆಂಬ ತೀರ್ಮಾನಕ್ಕೆ ಪತ್ರಕರ್ತೆ ರೇಚಲ್ ಸ್ವಾರ್ನ್ಸ್ ಬಂದರು. ಈ ಮನೆತನದ ಬಗ್ಗೆ ಅವರು ಬರೆದ 'ಅಮೆರಿಕನ್ ಟ್ಯಾಪೆಸ್ಟ್ರಿ' 2012ರಲ್ಲಿ ಪ್ರಕಟವಾಯಿತು.

ಮೆಲ್ವೀನಿಯಾಳ ಮಕ್ಕಳಲ್ಲಿ ಒಂದು ಬಿಡುಗಡೆಯಾಗಿ ನಾಲ್ಕು ವರ್ಷ ಕಳೆದ ಮೇಲೆ ಹುಟ್ಟಿದ್ದು, ಅದರ ಬಣ್ಣವೂ ಬೆರಕೆ. ಇದರಿಂದ ಆ ಸಂಬಂಧ ಒಲಿದು ಬೆಳೆದದ್ದೆಂದು ಕೆಲವರು ಊಹಿಸಬಹುದು. ಅದು ಅವಸರದ ಊಹೆ. ಕಾನೂನು ತನ್ನನ್ನು ಸ್ವತ್ತೆಂದು ಕರೆಯುತ್ತಿದ್ದ ಕಾಲದಲ್ಲಿ ಹದಿನೈದರ ಹುಡುಗಿ ಒಡೆಯನ ಮಗನಿಗೆ ಒಲ್ಲೆ ಎನ್ನುವ ಸ್ಥಿತಿಯಲ್ಲಿ ಇರಲಿಲ್ಲ. ಬಿಡುಗಡೆಯ ನಂತರವೂ ಭೂಮಿಯಿಲ್ಲದ, ಕೈಗೂಸುಗಳ ತಾಯಿಗೆ ಹೋಗಲು ಎಷ್ಟು ದಾರಿಗಳಿದ್ದವು? ಬೆಲೆಪಟ್ಟಿ ಹೆಸರನ್ನು ಉಳಿಸಿಕೊಟ್ಟಿದೆ, ಗಣತಿ ಬಣ್ಣವನ್ನು ಉಳಿಸಿಕೊಟ್ಟಿದೆ. ಅವಳ ಮನಸ್ಸು ಯಾವ ಕಲಮಿನಲ್ಲೂ ಇಲ್ಲ. ಅದನ್ನು ತಾವೇ ತುಂಬಹೊರಟ ವಂಶಶೋಧಕರು ಕತೆಗಾರರಾಗಿಬಿಡುತ್ತಾರೆ.

ಹಾಗಾಗುವುದಕ್ಕೆ ದೊಡ್ಡ ನಿದರ್ಶನವೇ ಇದೆ. ಅಲೆಕ್ಸ್ ಹೇಲಿಯ 'ರೂಟ್ಸ್' 1976ರಲ್ಲಿ ಪ್ರಕಟವಾಗಿ, ಮರುವರ್ಷ ಟೆಲಿವಿಷನ್ ಧಾರಾವಾಹಿಯಾಗಿ, ಲಕ್ಷಾಂತರ ಕರಿಯರನ್ನು ಪತ್ರಾಗಾರಗಳ ಬಾಗಿಲಿಗೆ ಕರೆತಂದಿತು. ಕುಂಟಾ ಕಿಂಟೆ ಎಂಬ ತನ್ನ ಪೂರ್ವಿಕ 1767ರಲ್ಲಿ ಹಡಗಿನಲ್ಲಿ ಬಂದು ವರ್ಜೀನಿಯಾದ ವಾಲರ್ ಮನೆತನದಲ್ಲಿ ಟೋಬಿ ಎಂಬ ಗುಲಾಮನಾದನೆಂಬುದು ಹೇಲಿಯ ಕಥನ. 1981ರಲ್ಲಿ ಗ್ಯಾರಿ ಮಿಲ್ಸ್ ಮತ್ತು ಎಲಿಜಬೆತ್ ಷೋನ್ ಮಿಲ್ಸ್ ದಂಪತಿ ಅದೇ ವಾಲರ್ ಮನೆತನದ ಕಾಗದಗಳನ್ನು ಬಿಡಿಸಿ ನೋಡಿದರು. ಟೋಬಿ ಎಂಬ ಗುಲಾಮ ಆ ಹಡಗು ದಡ ಮುಟ್ಟುವ ಮೊದಲೇ ದಾಖಲೆಯಲ್ಲಿದ್ದ! ಇದರಿಂದ ಹೇಲಿಯ ಪುಸ್ತಕದ ಮಹತ್ವ ಹೋಗಲಿಲ್ಲ. ಆದರೆ ಅದು ವಂಶಾವಳಿಯಾಗಿ ನಿಲ್ಲದೆ ಕಾದಂಬರಿಯಾಗಿ ಉಳಿಯಿತು. ಮೆಲ್ವೀನಿಯಾಳ ವಿಷಯ ಗಟ್ಟಿಯಾಗಿ ನಿಂತಿರುವುದು ಉಯಿಲು, ಬೆಲೆಪಟ್ಟಿ, ಗಣತಿ, ರಕ್ತಪರೀಕ್ಷೆ ನಾಲ್ಕೂ ಒಂದನ್ನೊಂದು ಹಿಡಿದುಕೊಂಡಿರುವುದರಿಂದ.

ಎಲ್ಲರಿಗೂ ಇಂಥ ಅದೃಷ್ಟವಿಲ್ಲ. ದಕ್ಷಿಣದ ಎಷ್ಟೋ ನ್ಯಾಯಾಲಯಗಳು ಅಂತರ್ಯುದ್ಧದಲ್ಲಿ ಸುಟ್ಟುಹೋದವು. ಅಂಥ ಕಡೆ ನೆರವಿಗೆ ಬರುವುದು ಬಿಡುಗಡೆಯಾದವರಿಗಾಗಿ 1865ರಲ್ಲಿ ತೆರೆದ ಸರ್ಕಾರಿ ಬ್ಯೂರೋದ ಕಾಗದಗಳು, ಅದೇ ವರ್ಷ ಹುಟ್ಟಿ 1874ರಲ್ಲಿ ಮುಳುಗಿದ ಫ್ರೀಡ್‌ಮನ್ಸ್ ಬ್ಯಾಂಕಿನ ಪುಸ್ತಕಗಳು. ಖಾತೆದಾರರ ಗುರುತಿಗೆಂದು ಆ ಬ್ಯಾಂಕಿನವರು ತಂದೆ, ತಾಯಿ, ಒಡಹುಟ್ಟಿದವರ ಹೆಸರುಗಳನ್ನು ಬರೆದುಕೊಳ್ಳುತ್ತಿದ್ದರು, ಎಷ್ಟೋ ವೇಳೆ ಹಳೆಯ ಒಡೆಯನ ಹೆಸರನ್ನೂ. ಬಡವರ ಠೇವಣಿ ಹೋಯಿತು, ಹೆಸರುಗಳು ಉಳಿದವು. ಈಚಿನ ಗಣತಿಗಳೂ ಒಂದೊಂದಾಗಿ ತೆರೆದುಕೊಳ್ಳುತ್ತಿವೆ. ಅಮೆರಿಕದಲ್ಲಿ ಗಣತಿಯ ಹಾಳೆಗಳನ್ನು 72 ವರ್ಷ ಗುಟ್ಟಾಗಿಟ್ಟು ಆಮೇಲೆ ಬಹಿರಂಗಪಡಿಸುತ್ತಾರೆ, 1950ರ ಗಣತಿ 2022ರ ಏಪ್ರಿಲ್ 1ರಂದು ಹೀಗೆ ಹೊರಬಂತು.

ಮೆಲ್ವೀನಿಯಾಳ ದಾಖಲೆಗಳಲ್ಲಿ ಇನ್ನೂ ಒಂದು ಎಳೆಯಿದೆ. ಮೂವತ್ತು ನಲವತ್ತರ ಪ್ರಾಯದಲ್ಲಿ ಅವಳು ಶೀಲ್ಡ್ಸ್‌ಗಳ ನೆರೆಯನ್ನು ಬಿಟ್ಟು ಅಲಬಾಮಾದ ಗಡಿಯ ಕಡೆ ಬಾರ್ಟೊ ಕೌಂಟಿಗೆ ಹೋದಳು. ಅಲ್ಲಿ ಗಣತಿಯಲ್ಲಿ ಅವಳೊಡನೆ ಕಾಣುವವರು ಮರಾಯಾ ಮತ್ತು ಬೋಲಸ್ ಈಸ್ಲಿ ದಂಪತಿ. ಅವರು ಬೇರೆ ಯಾರೂ ಅಲ್ಲ, ಪ್ಯಾಟರ್ಸನ್‌ನ ಅದೇ ಜಮೀನಿನಲ್ಲಿ ಗುಲಾಮರಾಗಿದ್ದವರು, ಅವಳನ್ನು ಬಾಲ್ಯದಲ್ಲಿ ಕಂಡವರು. ಓದು ಬಾರದ ಈ ಜನ ಪಾಲಾಗಿ ಚದುರಿದ ಎಷ್ಟೋ ವರ್ಷಗಳ ಮೇಲೆ ಒಬ್ಬರನ್ನೊಬ್ಬರು ಹುಡುಕಿಕೊಂಡದ್ದು ಹೇಗೆಂದು ತಿಳಿಸುವ ಕಾಗದವಿಲ್ಲ. ಈಸ್ಲಿಯವರ ಮಗಳು ಆಲಿಸ್‌ಳನ್ನು ಡಾಲ್ಫಸ್ ಮದುವೆಯಾದ. ಹೀಗೆ ಪ್ಯಾಟರ್ಸನ್‌ನ ಹಟ್ಟಿಯ ಎರಡು ಕವಲುಗಳು ಮಿಶೆಲ್ ಅವರ ವಂಶದಲ್ಲಿ ಕೂಡಿವೆ.

ಮೆಲ್ವೀನಿಯಾ ತೊಂಬತ್ತು ವರ್ಷ ದಾಟಿ 1938ರಲ್ಲಿ ತೀರಿಕೊಂಡಳು. ಜಾರ್ಜಿಯಾದ ರೆಕ್ಸ್ ಎಂಬ ಊರಿನಲ್ಲಿ 2012ರಲ್ಲಿ ಅವಳ ನೆನಪಿಗೆ ಒಂದು ಸ್ಮಾರಕ ನಿಲ್ಲಿಸಿದರು. ಅವಳ ಮರಣ ಪ್ರಮಾಣಪತ್ರ ದಫ್ತರದಲ್ಲಿದೆ. ವಿವರ ಕೊಟ್ಟು ಸಹಿ ಮಾಡಿದವರು ಅವಳ ಬಂಧುಗಳೊಬ್ಬರು. ತಂದೆ ತಾಯಿಯ ಹೆಸರು ಬರೆಯಬೇಕಾದ ಜಾಗದಲ್ಲಿ 'ಗೊತ್ತಿಲ್ಲ' ಎಂದಿದೆ. ಈಸ್ಲಿ ದಂಪತಿಗೆ ಗೊತ್ತಿದ್ದಿರಬಹುದು. ಗಣತಿಯವರು ಮಾತ್ರ ಅವರ ಮನೆಗೆ ಬಂದಾಗ ಆ ಪ್ರಶ್ನೆ ಕೇಳುತ್ತಿರಲಿಲ್ಲ.